ಮೊದಲು ಐಸು

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಮೇಲಂತಸ್ತು,
ಬೆಳಗಿನ ಜಾವ ಮೂರೂವರೆ.
ಹೀಟರಿಗೆ ಕಾಲು ಚಾಚಿ ಕೂತಿದ್ದೇನೆ.
ಲ್ಯಾಪ್‌ಟಾಪಿಗೂ ಈಗ ಹ್ಯಾಡಕ್ ವಾಸನೆ.

ಏಳಕ್ಕೆ ಹರಾಜು. ಅಷ್ಟರೊಳಗೆ
ಗೋಡೆಯ ಪರದೆಯ ಮೇಲೆ ದರಪಟ್ಟಿ ಮೂಡಬೇಕು:
ಯಾವ ಪೆಟ್ಟಿಗೆ, ಎಷ್ಟು ಕಿಲೋ, ಎಷ್ಟು ಪೌಂಡು.
ಮೂಡುತ್ತಿಲ್ಲ.
ನನ್ನವು ನಲವತ್ತೊಂದು ಪುಟ್ಟ ಕಡತಗಳು.
ಒಬ್ಬ ತೂಕ ಹಾಕುತ್ತಾನೆ, ಒಬ್ಬ ದಿನಾಂಕ ತಿದ್ದುತ್ತಾನೆ,
ಒಬ್ಬ ಏನು ಮಾಡುತ್ತಾನೋ ಬರೆದ ನನಗೇ ಮರೆತಿದೆ.
ಎಲ್ಲರನ್ನೂ ಒಂದೇ ಗಂಟು ಕಟ್ಟಿ ಕಳಿಸಬೇಕು;
ಆ ಹಳೆಯ ಪರದೆ ಒಂದು ತುತ್ತು ನುಂಗೀತು,
ನಲವತ್ತೊಂದು ಸಲ ಬಾಯಿ ತೆರೆಯದು.

ಗಂಟು ಕಟ್ಟುವ ಸಲಕರಣೆ ಪುಕ್ಕಟೆ ಸಿಕ್ಕಿದೆ,
ಅದಕ್ಕೆ ಕೈಕಾಲು ಮಾತ್ರ ನಾವೇ ಜೋಡಿಸಬೇಕು, ಪ್ಲಗಿನ್ ಅನ್ನುತ್ತಾರೆ.
ಕಾನ್ಫಿಗ್ ಕಡತದಲ್ಲಿ ಚೌಕ ಕಂಸ ತೆರೆದು
ಹೆಸರು ಬರೆದೆ, ಕಂಸ ಮುಚ್ಚಿದೆ, ಎಂಟರ್ ಒತ್ತಿದೆ.

ಕೆಂಪು.
'ಡಿಫಾಲ್ಟ್ ಎಂಬುದನ್ನು ಆ ಕಡತ ಎಕ್ಸ್‌ಪೋರ್ಟ್ ಮಾಡಿಲ್ಲ.'
ಕೆಳಗೆ ಐಸ್‌ಲ್ಯಾಂಡ್ ಮೀನಿನ ಲಾರಿ
ಬೀಪ್ ಬೀಪ್ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು.
ಅಲ್ಲಿ ಇಳಿದದ್ದು ಆಮದು, ಏರಿದ್ದು ರಫ್ತು,
ಕಾಗದಕ್ಕೆ ಸೀಲು ಬಿದ್ದರೆ ಮುಗಿಯಿತು.
ನನ್ನ ಕಡತಕ್ಕೆ ಸೀಲು ಒತ್ತುವವರು ಯಾರು?

ಹಳೆಯ ಮಾಡ್ಯೂಲು 'ರಿಕ್ವೈರ್' ಅನ್ನುತ್ತದೆ,
ಹೊಸದು 'ಇಂಪೋರ್ಟ್'.
ಬೇಕಾದ್ದು ಒಂದೇ, ಕೇಳುವ ವರಸೆ ಬೇರೆ.
ಬೀದರಿನ ನಮ್ಮತ್ತೆ 'ನೀರು ಕೊಡು' ಅಂದದ್ದೂ
ಮಂಡ್ಯದ ನನ್ನ ಕಿವಿಗೆ
ಹನ್ನೆರಡು ವರ್ಷ ಬೈಗುಳದಂತೆಯೇ ಕೇಳಿತ್ತು.
ನಡುವೆ ದುಬಾಷಿ ಬೇಕು. ಇದ್ದಾನೆ, ಅವನೂ ಒಂದು ಪ್ಲಗಿನ್.
ಸೇರಿಸಿದೆ. ಮತ್ತೆ ಕೆಂಪು,
ಕೆಂಪಿನಡಿ ಒಂದು ಹಳದಿ:
ದರದ ಕಡತ ತೂಕವನ್ನು ಕೇಳುತ್ತಿದೆ, ತೂಕ ದರವನ್ನು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಇಬ್ಬರಿಗೂ ಬೇಕಾದ್ದನ್ನು ಮೂರನೆಯವನ ಕೈಗಿಟ್ಟೆ.
ಈಗ ನಲವತ್ತೆರಡು ಕಡತ. ಹಳದಿ ಹೋಯಿತು, ಕೆಂಪು ಕದಲಲಿಲ್ಲ.

"ಏನ್ ಬಾತುಕೋಳಿ, ಇನ್ನೂ ಮುಗೀಲಿಲ್ವಾ?"
ಈ ಊರಿನ ಅಕ್ಕರೆ ಹಾಗೆ;
ಮೊದಮೊದಲು ನನ್ನ ನಡಿಗೆಯನ್ನು ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.
ಬೆರಿಲ್ ಸ್ಟಬ್ಸ್, ಮೂವತ್ತೆಂಟು ವರ್ಷ ಮೀನು ತುಂಬಿದವಳು,
ಚಹಾ ಇಟ್ಟು ಪರದೆಗೆ ಬಗ್ಗಿದಳು.
ತಿಳಿಯಲಿಲ್ಲ, ತಿಳಿದಂತೆ ನಟಿಸಲೂ ಇಲ್ಲ.
"ಈ ಇಬ್ಬರಲ್ಲಿ ಯಾರು ಮೊದಲು?"
ಯಾರಾದರೇನು, ಇಬ್ಬರೂ ಇದ್ದಾರಲ್ಲ, ಅಂದೆ.
"ಪೆಟ್ಟಿಗೆಗೆ ಮೊದಲು ಐಸು, ಆಮೇಲೆ ಮೀನು, ಮೇಲೆ ಮತ್ತೆ ಐಸು.
ಉಲ್ಟಾ ತುಂಬಿದವನನ್ನ ಮಧ್ಯಾಹ್ನದೊಳಗೆ ಮನೆಗೆ ಕಳಿಸ್ತೀವಿ."

ನಾನು ದುಬಾಷಿಯನ್ನು ಮುಂದೆ ನಿಲ್ಲಿಸಿದ್ದೆ,
ವಿಳಾಸ ಹುಡುಕುವವನನ್ನು ಅವನ ಬೆನ್ನ ಹಿಂದೆ.
ಮನೆಯೇ ಸಿಗದೆ ಯಾರ ಮಾತನ್ನು ತಾನೆ ತಿರುಗಿಸಿ ಹೇಳುತ್ತಾನೆ!
ಎರಡು ಸಾಲು ಅದಲುಬದಲು.
ಅವಸರದಲ್ಲಿ ಅಲ್ಪವಿರಾಮ ಬಿಟ್ಟೆ, ಬೈಸಿಕೊಂಡೆ, ಇಟ್ಟೆ.
ಐದೂ ಹತ್ತಕ್ಕೆ ಹಸಿರು.

ಕೊನೆಗೆ ಮರ ಅಲ್ಲಾಡಿಸುವುದು ಅಂತ ಒಂದಿದೆ:
ಯಾರೂ ಕರೆಯದ ಫಂಕ್ಷನ್ನುಗಳು ತರಗೆಲೆಯಂತೆ ಉದುರುತ್ತವೆ.
ಉದುರಿದವುಗಳ ಪಟ್ಟಿಯಲ್ಲಿ
ನನಗಿಂತ ಮುಂಚೆ ಇದ್ದವನು ಬರೆದದ್ದೊಂದು,
ಈ ಊರಿನದೇ ದೋಣಿಗಳ ಲೆಕ್ಕಕ್ಕೆ.
ಒಂದು ದೋಣಿಯ ಹೆಸರಿನ ಮೇಲೆ ಬೆರಿಲ್ ಬೆರಳಿಟ್ಟಳು: ಲೇಡಿ ಎನಿಡ್.
"ಅಪ್ಪ ಅದರಲ್ಲಿದ್ದ. ಅಳಿಸಿಬಿಟ್ಯಾ?"
ಇಲ್ಲ. ಮೂಲದಲ್ಲಿ ಇದೆ, ಗಂಟಿನಲ್ಲಿ ಇಲ್ಲ.
ಅವಳು ಸ್ವಲ್ಪ ಹೊತ್ತು ಯೋಚಿಸಿ
ನನ್ನ ಪಾಲಿನ ಚಹಾವನ್ನೂ ತಾನೇ ಕುಡಿದು
ಮೆಟ್ಟಿಲಿಳಿದು ಹೋದಳು.

ಏಳಕ್ಕೆ ಪರದೆ ಬೆಳಗಿತು.
ಕೊಳ್ಳುವವರು ಎಂದಿನಂತೆ ಪೆಟ್ಟಿಗೆಗೆ ಬಗ್ಗಿ
ಹೆಬ್ಬೆರಳಲ್ಲಿ ಮೀನು ಒತ್ತಿ ನೋಡುತ್ತಿದ್ದರು.
ಒಬ್ಬ ಮಾತ್ರ ತಲೆಯೆತ್ತಿದ,
ಅಕ್ಷರ ಸಣ್ಣದಾಯಿತು ಅಂದ.